ಫೋನಿಗೆ ಕೇಳದ ದನಿ

ನನ್ನ ಇಂಗ್ಲಿಷಿಗೆ ಮೊಟ್ಟಮೊದಲು ಕೆಂಪು ಗುರುತು ಹಾಕಿದ್ದು ಒಂದು ಫೋನು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು, ‘ಅವ್ವಾ, ಈ ಶಬ್ದ ಒಂದ್ ಸಲ ಅನ್ನು’ ಎಂದಳು. ಪರದೆಯ ಮೇಲೆ ‘ವೆಜಿಟೆಬಲ್’ ಎಂಬ ಪದ ಇಂಗ್ಲಿಷಿನಲ್ಲಿ ಮೂಡಿತ್ತು. ನಾನು ಅಂದೆ. ಹುಮನಾಬಾದಿನ ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೂ ಇಂಗ್ಲಿಷ್ ಕಲಿಸಿದವಳು ಹೇಗೆ ಅನ್ನಬೇಕೋ ಹಾಗೇ, ಗತ್ತಿನಿಂದ ಅಂದೆ. ಪದದ ಮೊದಲ ಅಕ್ಷರಗಳು ಹಸಿರಾದವು. ನಡುವಿನವು ಕೆಂಪಾದವು. ಕೆಳಗೆ, ಇನ್ನೊಮ್ಮೆ ಪ್ರಯತ್ನಿಸಿ ಎಂಬ ಸೂಚನೆ ಬಂತು.

‘ಇದಕ್ಕ ತಲಿ ಕೆಟ್ಟದ’ ಎಂದೆ.

‘ಸಿಟ್ಟಾಗಬ್ಯಾಡ ಅವ್ವಾ. ಅದಕ್ಕ ನೀ ಯಾರಂತ ಗೊತ್ತಿಲ್ಲ’ ಎಂದು ಮಗಳು ನಕ್ಕಳು.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನು ಆ ಪದವನ್ನು ಹಸಿರಾಗುವವರೆಗೂ ಬಿಡಲಿಲ್ಲ. ಆಮೇಲೆ ಯಾರೂ ನೋಡದಿದ್ದಾಗ ಇನ್ನೂ ಕೆಲವು ಪದಗಳನ್ನು ಅಂದು ನೋಡಿದೆ. ಇಷ್ಟು ವರ್ಷ ನಾನು ಕಲಿಸಿದ ಉಚ್ಚಾರಣೆಯಲ್ಲಿ ಅರ್ಧದಷ್ಟು ನನ್ನ ಗುರುಗಳದ್ದು, ಅವರದ್ದು ಅವರ ಗುರುಗಳದ್ದು. ನಮ್ಮಲ್ಲಿ ಯಾರೂ ಇಂಗ್ಲಿಷರ ಬಾಯಿಯಿಂದ ಇಂಗ್ಲಿಷ್ ಕೇಳಿದವರಲ್ಲ. ಫೋನಿಗೆ ಮಾತ್ರ ಸಿಟ್ಟಿಲ್ಲ, ಸೆಡವಿಲ್ಲ, ಬೇಸರವಿಲ್ಲ, ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳುತ್ತದೆ. ಈ ಗುಣ ನನ್ನಲ್ಲಿಲ್ಲ ಎಂದು ನನ್ನ ವಿದ್ಯಾರ್ಥಿಗಳನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಅದನ್ನು ಶನಿವಾರದ ನನ್ನ ತರಗತಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ.

ಶನಿವಾರ ಮಧ್ಯಾಹ್ನ ಹುಮನಾಬಾದಿನಲ್ಲಿ, ಟ್ಯೂಷನ್ ನಡೆಸುವ ಹಳೆಯ ವಿದ್ಯಾರ್ಥಿಯೊಬ್ಬನ ಕೋಣೆಯಲ್ಲಿ, ಇಂಗ್ಲಿಷ್ ಮಾತಾಡಲು ಕಲಿಯಬೇಕೆನ್ನುವ ಹೆಂಗಸರಿಗೆ ನಾನು ಪಾಠ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೂ ನನಗೆ ಯಾರನ್ನಾದರೂ ಗದರಿಸದೆ ಇರಲಾಗುವುದಿಲ್ಲ, ಅದಕ್ಕೆ. ನರ್ಸಿಂಗ್ ಓದುವವರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ಮಕ್ಕಳ ಶಾಲೆಯ ಸಭೆಯಲ್ಲಿ ಎರಡು ಮಾತಾಡಬೇಕೆನ್ನುವ ತಾಯಂದಿರು ಬರುತ್ತಿದ್ದರು. ಎಲ್ಲರ ಫೋನಿಗೂ ಉಚ್ಚಾರಣೆ ತಿದ್ದುವ ಆ ಆ್ಯಪ್ ಹಾಕಿಸಿದೆ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಅದಕ್ಕೆ ಯಾರ ಮಾತು ಯಾರದೆಂದು ತಿಳಿಯುವುದಿಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಗೋಡೆಗೆ ಮುಖ ಮಾಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರು. ಹೊರಗಿನಿಂದ ಬಂದವರು ನೋಡಿದ್ದರೆ ಎಲ್ಲರಿಗೂ ಏಕಕಾಲಕ್ಕೆ ಶಿಕ್ಷೆಯಾಗಿದೆ ಎಂದುಕೊಳ್ಳುತ್ತಿದ್ದರು.

ನಮ್ಮ ಕಡೆಯ ನಾಲಿಗೆಯ ಗುಟ್ಟೆಲ್ಲ ಆ ಆ್ಯಪ್‌ನಲ್ಲಿ ಬಯಲಾಯಿತು. ‘ಸ್ಕೂಲ್’ ಎನ್ನಲು ಹೋದರೆ ನಮ್ಮವರ ಬಾಯಿಂದ ‘ಇಸ್ಕೂಲ್’ ಬರುತ್ತದೆ, ಆ ಮೊದಲಿನ ‘ಇ’ಗೆ ಅದು ಎಂದೂ ಮಾಫಿ ಕೊಡಲಿಲ್ಲ. ಆದರೆ ‘ಜ಼ೂ’ ಎನ್ನಬೇಕಾದಲ್ಲಿ ಬೇರೆ ಊರಿನವರು ‘ಜೂ’ ಎಂದು ಒದ್ದಾಡುವಾಗ, ಬಜಾರಿನಲ್ಲಿ ದಖನಿ ಉರ್ದು ಮಾತಾಡಿ ಬೆಳೆದ ನಮ್ಮ ಹೆಂಗಸರು ಹಲ್ಲಿನ ಸಂದಿಯಲ್ಲಿ ಜೇನ್ನೊಣ ಗುಂಯ್‌ಗುಟ್ಟಿಸಿ ಮೊದಲ ಸಲಕ್ಕೇ ಹಸಿರು ಪಡೆದರು. ಆ ದಿನ ನನಗೆ ನಮ್ಮ ಬಜಾರಿನ ಮೇಲೆ ಪ್ರೀತಿ ಉಕ್ಕಿತು.

ಒಂದು ಪಾಠದಲ್ಲಿ ಮಾತ್ರ ಎಲ್ಲ ಮೂಲೆಗಳೂ ಸುಮ್ಮನಾದವು. ತನ್ನ ಪರಿಚಯ ತಾನೇ ಹೇಳುವ ಪಾಠ ಅದು. ಹೆಸರಾಯಿತು, ಊರಾಯಿತು, ‘ನನ್ನ ಗಂಡನ ಹೆಸರು’ ಎಂಬಲ್ಲಿಗೆ ಬಂದು ಮದುವೆಯಾದವರೆಲ್ಲ ನಿಂತುಬಿಟ್ಟರು. ಮದುವೆಮನೆಯಲ್ಲಿ ಒಡಪು ಹಾಕಿ ಹೇಳು ಎಂದರೆ ಪ್ರಾಸ ಕಟ್ಟಿ ಹೇಳುವವರು, ಹಾಗೆ ಸುಮ್ಮನೆ ಬಾಯಿಬಿಟ್ಟು ಗಂಡನ ಹೆಸರು ಹಿಡಿಯುವುದೆಂದರೆ ಆಗಲಿಲ್ಲ. ಫೋನು ಕಾಯುತ್ತಿತ್ತು. ಕಡೆಗೆ ಒಬ್ಬಾಕೆ ಪಕ್ಕದ ಮೂಲೆಯವಳ ಗಂಡನ ಹೆಸರು ಹೇಳಿದಳು, ಅವಳು ಇವಳ ಗಂಡನ ಹೆಸರು ಹೇಳಿದಳು. ಇಬ್ಬರಿಗೂ ಹಸಿರು ಬಂತು. ಅದನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಅವತ್ತು ಆ ಕೋಣೆಯಲ್ಲಿ ಗಂಡಂದಿರೆಲ್ಲ ಅದಲುಬದಲಾದರು, ಪಾಪ ಅವರಿಗೆ ಅದರ ಸುದ್ದಿಯೇ ಇಲ್ಲ.

ಈ ಆಟದಲ್ಲಿ ನಗದೆ ಕೂತವಳು ಒಬ್ಬಳೇ. ಕೊಡಂಬಲದ ಹತ್ತಿರದ ಒಂದು ಹಳ್ಳಿಯಿಂದ ಬರುತ್ತಿದ್ದವಳು, ಕುರಿ ಸಾಕುವ ಮನೆಯ ಸೊಸೆ. ಮದುವೆಗೆ ಮುಂಚೆ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಆಮೇಲೆ ಆ ಪ್ರಮಾಣಪತ್ರ ಸೀರೆಗಳ ಕೆಳಗೆ ಸೇರಿತ್ತು. ಈಗ ಅವಳ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮ ಶುರುವಾಗಿತ್ತು. ಅಲ್ಲಿದ್ದ ಅತಿಥಿ ಶಿಕ್ಷಕಿ ಬಿಟ್ಟುಹೋಗಿದ್ದರಿಂದ ದಸರಾ ರಜೆ ಮುಗಿದ ಮೇಲೆ ಹೊಸಬರು ಬೇಕಾಗಿದ್ದರು. ಅರ್ಜಿ ಹಾಕಿದವರು ಪಾಲಕರ ಎದುರು ಒಂದು ಪಾಠ ಮಾಡಿ ತೋರಿಸಬೇಕು ಎಂದು ಹೆಡ್‌ಮಾಸ್ತರರು ಹೇಳಿದ್ದರು. ಆ ಕೆಲಸ ಸಿಕ್ಕರೆ ಅವಳು ಊರಲ್ಲಿ ಉಳಿಯುತ್ತಾಳೆ. ಸಿಗದಿದ್ದರೆ ಸುಗ್ಗಿ ಮುಗಿದ ಮೇಲೆ ಗಂಡನ ಜೊತೆ ಕುರಿ ಹಿಂಡಿನ ಹಿಂದೆ ಹೊರಡಬೇಕು. ಊರೂರು ಹೊಲಗಳಲ್ಲಿ ಬಿಡಾರ, ಮಳೆ ಬರುವವರೆಗೆ ಮನೆಯಿಲ್ಲ.

‘ಕುರಿ ಹಿಂದ ಹೋಗೋದು ಕೆಟ್ಟ ಕೆಲಸ ಅಲ್ರಿ ಮೇಡಂ. ನಾ ಕಲ್ತಿದ್ದು ಬ್ಯಾರೆ ಅದ, ಅಷ್ಟೇ’ ಎಂದಿದ್ದಳು. ಆ ಮಾತನ್ನು ಅವಳು ಹೇಳಿದ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು.

ಅವಳ ಫೋನು ನನ್ನನ್ನು ಕಂಗಾಲು ಮಾಡಿತು. ತರಗತಿಯಲ್ಲಿ ನನ್ನೆದುರು ಹೇಳಿದರೆ ಹೆಚ್ಚುಕಡಿಮೆ ಎಲ್ಲ ಹಸಿರು. ಮನೆಯಲ್ಲಿ ವಾರವಿಡೀ ಮಾಡಿದ ಅಭ್ಯಾಸವನ್ನು ತೆಗೆದು ತೋರಿಸಿದರೆ ಬರೀ ಕೆಂಪು. ಅದೂ ವಿಚಿತ್ರವಾದ ಕೆಂಪು. ಸ, ಫ, ಟ, ಕ ಇರುವಲ್ಲಿ ಹಸಿರು, ಬ, ಡ, ಗ ಇರುವಲ್ಲೆಲ್ಲ ಕೆಂಪು. ನಮ್ಮ ಮಂದಿಗೆ ಅಷ್ಟು ಸಲೀಸಾದ ‘ಜ಼’ ಕೂಡ ಅವಳ ಮನೆಯಲ್ಲಿ ಕೆಂಪಾಗುತ್ತಿತ್ತು. ಕೆಲವು ಕಡೆಯಂತೂ ಏನೂ ಕೇಳಿಸಲಿಲ್ಲ ಎಂದು ಫೋನೇ ಕೈಚೆಲ್ಲಿತ್ತು.

‘ಮನ್ಯಾಗ ಫೋನ್ ಕೆಡತದೇನೋ ರೀ’ ಎಂದಳು, ನೆಲ ನೋಡುತ್ತ.

‘ಮನಿ ಬಾಗಿಲು ದಾಟಿದ ಕೂಡ್ಲೆ ಕೆಡೋ ಫೋನ್ ನಾ ಎಲ್ಲೂ ನೋಡಿಲ್ಲ’ ಎಂದು ಗದರಿದೆ.

ಸಂಜೆ ಬಸ್ಸಿನಲ್ಲಿ ಊರಿಗೆ ಮರಳುವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಏನೋ ಗುಟ್ಟು ಪಿಸುಗುಟ್ಟುತ್ತಿದ್ದರು. ಕಿವಿಗೊಟ್ಟೆ, ನಾನೇನು ಸಾಧ್ವಿಯಲ್ಲ. ಸಕಾರ, ಚಕಾರಗಳಷ್ಟೇ ಕೇಳಿಸಿದವು, ಉಳಿದದ್ದು ಬರೀ ಉಸಿರು. ತಟ್ಟನೆ ಹೊಳೆಯಿತು. ಗಂಟಲಿನ ಮೇಲೆ ಬೆರಳಿಟ್ಟುಕೊಂಡು ‘ಬ’ ಎಂದೆ, ಗಂಟಲು ನಡುಗಿತು. ಅದನ್ನೇ ಪಿಸುಗುಟ್ಟಿದೆ, ನಡುಗಲಿಲ್ಲ, ಕೇಳಿದ್ದು ‘ಪ’. ‘ಜ಼’ ಎಂದೆ, ಪಿಸುಗುಟ್ಟಿದೆ. ಪಕ್ಕದಲ್ಲಿದ್ದ ಅಜ್ಜಿ ನನಗೆ ಗಂಟಲು ನೋವೆಂದುಕೊಂಡು ಚಂಚಿಯಿಂದ ಲವಂಗ ತೆಗೆದುಕೊಟ್ಟಳು. ಲವಂಗ ಜಗಿಯುತ್ತ ಮನೆ ಸೇರಿದೆ, ಮುಂದಿನ ಶನಿವಾರದವರೆಗೆ ಕಾಯುವುದೇ ಕಷ್ಟವಾಯಿತು.

‘ನೀ ಮನ್ಯಾಗ ಪಿಸಿಪಿಸಿ ಮಾತಾಡ್ತಿ, ಹೌದಿಲ್ಲೋ?’ ಎಂದು ಅವಳನ್ನು ಒಂದು ಕಡೆ ಕರೆದು ಕೇಳಿದೆ.

‘ಹೌದ್ರಿ’ ಎಂದಳು. ‘ಮಾವನೋರು ಪಡಸಾಲ್ಯಾಗ ಇರ್ತಾರ್ರಿ. ಅವ್ರು ಇದ್ದಾಗ ನಾವು ದನಿ ಎತ್ತಂಗಿಲ್ರಿ. ಕೆಮ್ಮಿದ್ರಂದ್ರ ತಲಿಮ್ಯಾಲ ಸೆರಗ, ಬಾಯಿ ಬಂದ್. ಕೌದಿ ಹೊತ್ಕೊಂಡು ಒಳಗ ಹೇಳಿ ನೋಡಿದೆರಿ, ಜ್ವಾಳದ ಚೀಲದ ಹಿಂದ ಕುಂತ ಹೇಳಿ ನೋಡಿದೆ. ಅದಕ್ಕ ಕೇಳಸಂಗಿಲ್ಲ.’

ಆ ಕೆಮ್ಮು ನನಗೂ ಗೊತ್ತು. ನಾನು ಸೊಸೆಯಾಗಿ ಬಂದಾಗ ನಮ್ಮ ಮಾವನವರೂ ಹೊಸ್ತಿಲ ಹೊರಗೆ ನಿಂತು ಒಂದು ಸಲ ಕೆಮ್ಮಿಯೇ ಒಳಗೆ ಕಾಲಿಡುತ್ತಿದ್ದರು. ಅದು ನೆಗಡಿಯ ಕೆಮ್ಮಲ್ಲ, ‘ಬರುತ್ತಿದ್ದೇನೆ, ಸರಿಯಾಗಿ ಕೂತುಕೊಳ್ಳಿ’ ಎಂದು ಹೆಣ್ಣುಮಕ್ಕಳಿಗೆ ಕೊಡುವ ಮರ್ಯಾದೆ. ಅವರಿಗೆ ನನ್ನಿಂದ ನೀರು ಬೇಕಿದ್ದರೂ ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಅದು ಎಂದೋ ಹೋಯಿತು. ಅವಳ ಮನೆಯಲ್ಲಿ ಇನ್ನೂ ಹಾಗೇ ಇತ್ತು. ನಾಲ್ಕು ವರ್ಷದಲ್ಲಿ ಮಾವ ಅವಳ ಜೊತೆ ಒಂದು ಮಾತನ್ನೂ ನೇರ ಆಡಿರಲಿಲ್ಲವಂತೆ.

‘ನಾನೇ ಬಂದು ನಿಮ್ಮ ಮಾವನ ಕೂಡ ಮಾತಾಡ್ಲೇನು?’ ಎಂದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

‘ಬ್ಯಾಡ್ರಿ ಮೇಡಂ’ ಎಂದು ಗಾಬರಿಯಾದಳು. ‘ಅವ್ರು ಕೆಟ್ಟವ್ರಲ್ರಿ. ನನ್ ಕೂಡ ಹ್ಯಾಂಗ ಮಾತಾಡಬೇಕು ಅವ್ರಿಗೂ ಗೊತ್ತಿಲ್ರಿ, ನನಗೂ ಗೊತ್ತಿಲ್ಲ.’

ದಾರಿಯನ್ನು ಅವಳೇ ಹುಡುಕಿಕೊಂಡಳು. ಹಗಲು ಮಾವ, ಗಂಡ ಇಬ್ಬರೂ ಕುರಿಗಳ ಜೊತೆ ಅಡವಿಯ ಕಡೆ ಇರುತ್ತಿದ್ದರು. ಮಧ್ಯಾಹ್ನದ ಬುತ್ತಿ ಒಯ್ಯುವ ಕೆಲಸ ಅತ್ತೆಯದ್ದಾಗಿತ್ತು. ಅದನ್ನು ತಾನು ಮಾಡುತ್ತೇನೆ ಎಂದಳು. ಊರು ಬಿಟ್ಟರೆ ಎರಡೂ ಕಡೆ ಆಳೆತ್ತರ ತೊಗರಿ, ನಡುವೆ ಒಬ್ಬರೇ ನಡೆಯುವಷ್ಟು ಕಾಲುದಾರಿ. ತಲೆಯ ಮೇಲೆ ಬುತ್ತಿ, ಕೈಯಲ್ಲಿ ಫೋನು. ದಾರಿಯುದ್ದಕ್ಕೂ ‘ಬಾಲ್, ಡೋರ್, ಗರ್ಲ್, ಜೀ಼ಬ್ರಾ’ ಎಂದು ಕೂಗುತ್ತ ಹೋಗುತ್ತಿದ್ದಳು. ಕುರಿಗಳ ಸದ್ದು ಕೇಳಿಸಿತೆಂದರೆ ಫೋನು ಕುಬಸದೊಳಗೆ, ಸೆರಗು ತಲೆಯ ಮೇಲೆ.

ತೊಗರಿಯ ಆಚೆ ಕಳೆ ಕೀಳುತ್ತಿದ್ದ ಹೆಂಗಸರಿಗೆ ಮಾತು ಕೇಳಿಸಿತು, ಮನುಷ್ಯರು ಕಾಣಲಿಲ್ಲ. ಮೊದಲ ದಿನ ದೆವ್ವವೆಂದು ಓಡಿಹೋದರು. ಎರಡನೆಯ ದಿನ ಇಣುಕಿ ನೋಡಿ, ‘ನಿಮ್ಮ ಸೊಸಿಗಿ ಗಾಳಿ ಬಡದದ, ಒಬ್ಬಾಕಿನೇ ಏನೇನೋ ಅನ್ಕೋತ ಹೊಂಟಾಳ’ ಎಂದು ಅತ್ತೆಗೆ ಸುದ್ದಿ ಮುಟ್ಟಿಸಿದರು. ಆ ಅತ್ತೆಯನ್ನು ನಾನು ಒಂದೇ ಸಲ ನೋಡಿದ್ದು, ಆದರೆ ಅವತ್ತು ಆಕೆ ಕೊಟ್ಟ ಉತ್ತರಕ್ಕಾಗಿ ಈಗಲೂ ಕೈಮುಗಿಯುತ್ತೇನೆ. ‘ಗಾಳಿ ಅಲ್ಲ, ಇಂಗ್ಲಿಷ್. ನಿಮಗ ಬಡಿಯಂಗಿಲ್ಲ, ಅಂಜಬ್ಯಾಡ್ರಿ’ ಎಂದಳಂತೆ.

ವಾರ ವಾರಕ್ಕೆ ಅವಳ ಫೋನು ಹಸಿರಾಗುತ್ತ ಬಂತು. ಹೊಲದ ಗಾಳಿಯಲ್ಲಿ ಕೂಗಿ ಕೂಗಿ ಅವಳ ದನಿಗೆ ಮೈ ಬಂದಿತ್ತು. ಶನಿವಾರ ಅವಳು ಒಂದು ಮೂಲೆಯಲ್ಲಿ ಬಾಯಿಬಿಟ್ಟರೆ ಉಳಿದ ಮೂಲೆಯವರು ತಿರುಗಿ ನೋಡುತ್ತಿದ್ದರು. ಗಂಟಲಿನ ಮೇಲೆ ಬೆರಳಿಡುವ ನನ್ನ ಬಸ್ಸಿನ ವಿದ್ಯೆಯನ್ನು ಅವಳಿಗೆ ಹೇಳಿಕೊಟ್ಟೆ. ಅವಳು ಅದನ್ನು ಮಕ್ಕಳ ಆಟವಾಗಿ ಮಾಡಿಕೊಂಡಳು. ನನಗೆ ಇಡೀ ಜೀವಮಾನದಲ್ಲಿ ಹೊಳೆಯದ ಉಪಾಯ ಅದು, ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು.

ಪಾಠದ ದಿನ ಹೆಡ್‌ಮಾಸ್ತರರು ನನ್ನನ್ನೂ ಕರೆದಿದ್ದರು. ಇಂಗ್ಲಿಷ್ ತಿಳಿದವರೊಬ್ಬರು ಇರಲಿ ಎಂದು. ಮಕ್ಕಳು ಮುಂದೆ ಜಮಖಾನೆಯ ಮೇಲೆ, ಪಾಲಕರು ಹಿಂದೆ ಬೆಂಚುಗಳ ಮೇಲೆ ಕೂತಿದ್ದರು. ಮೊದಲು ಹುಮನಾಬಾದಿನ ಪೇಟೆಯ ಹುಡುಗಿಯೊಬ್ಬಳು ಪಾಠ ಮಾಡಿದಳು. ಇಂಗ್ಲಿಷ್ ಶಾಲೆಯಲ್ಲೇ ಓದಿ ಬೆಳೆದವಳು, ಸುಳ್ಳೇಕೆ ಹೇಳಲಿ, ಅವಳ ಇಂಗ್ಲಿಷ್ ಚೆನ್ನಾಗಿತ್ತು. ಆ್ಯಪ್ ಇದ್ದಿದ್ದರೆ ಪರದೆಯೆಲ್ಲ ಹಸಿರಾಗುತ್ತಿತ್ತು. ಮಕ್ಕಳು ಬಾಯಿ ತೆರೆದು ನೋಡಿದರು.

ಆಮೇಲೆ ಇವಳು ಎದ್ದಳು. ಸೆರಗು ಸೊಂಟಕ್ಕೆ ಬಿಗಿದು, ಮಕ್ಕಳ ನಡುವೆ ಹೋಗಿ ಕೂತೇಬಿಟ್ಟಳು. ‘ಬಾಲ್’ ಎಂದಳು, ಗಂಟಲಿನ ಮೇಲೆ ಕೈ ಇಟ್ಟುಕೊಳ್ಳಿ ಎಂದು ತೋರಿಸಿದಳು. ಎಲ್ಲ ಪುಟ್ಟ ಕೈಗಳೂ ಗಂಟಲಿಗೆ ಹೋದವು. ‘ಬಾಲ್’ ಎಂದರು. ಗಂಟಲೊಳಗೆ ಏನೋ ನಡುಗಿದ್ದಕ್ಕೆ ಮಕ್ಕಳು ಕಿಲಕಿಲ ನಕ್ಕರು. ಒಬ್ಬಳು ಪಕ್ಕದವಳ ಗಂಟಲು ಮುಟ್ಟಿ ನೋಡಿದಳು. ಹಿಂದೆ ಕೂತ ಅಪ್ಪಂದಿರಲ್ಲೂ ಒಂದಿಬ್ಬರ ಕೈ ಮೆಲ್ಲಗೆ ಕುತ್ತಿಗೆಯ ಕಡೆ ಹೋದದ್ದನ್ನು ನಾನು ಕಂಡೆ. ಅವಳು ಎದ್ದು, ಬೋರ್ಡಿನ ಮುಂದೆ ನಿಂತು, ಇನ್ನೊಂದು ಪದ ಹೇಳಲು ಬಾಯಿ ತೆರೆದಳು.

ಆಗ ಬಾಗಿಲ ಹೊರಗೆ ಕೆಮ್ಮು ಕೇಳಿಸಿತು.

ಅವಳ ಮಾವ. ದೊಡ್ಡ ಮಗನ ಮಗು ಆ ತರಗತಿಯಲ್ಲೇ ಇತ್ತು. ಗಂಡುಮಕ್ಕಳಿಬ್ಬರೂ ಕುರಿಯ ಹತ್ತಿರ ಇದ್ದುದರಿಂದ ಪಾಲಕರ ಪರವಾಗಿ ಮುದುಕ ಬಂದಿದ್ದ. ಸೊಸೆ ಪಾಠ ಮಾಡುವುದು ಅವನಿಗೆ ಗೊತ್ತಿತ್ತು. ಆದರೂ ಹೆಣ್ಣುಮಕ್ಕಳಿರುವ ಬಾಗಿಲನ್ನು ಕೆಮ್ಮದೆ ದಾಟಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಚಪ್ಪಲಿ, ಕೋಲು ಹೊರಗೆ ಬಿಟ್ಟು, ಕಂಬಳಿ ಹೆಗಲ ಮೇಲೆ ಸರಿ ಮಾಡಿಕೊಂಡು, ತಲೆ ತಗ್ಗಿಸಿ ಬಂದು ಎಲ್ಲರಿಗಿಂತ ಹಿಂದಿನ ಬೆಂಚಿನ ತುದಿಯಲ್ಲಿ ಕೂತ.

ಅವಳ ಸೆರಗು ತಾನಾಗಿಯೇ ತಲೆಗೆ ಏರಿತ್ತು. ಬೋರ್ಡಿನ ಕಡೆ ತಿರುಗಿದ್ದಳು. ಏನೋ ಹೇಳಿದಳು, ಯಾರಿಗೂ ಕೇಳಿಸಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಹೇಳಿದಳು. ಬರೀ ತುಟಿ ಆಡಿತು. ಹೆಡ್‌ಮಾಸ್ತರರು ನನ್ನ ಕಡೆ ನೋಡಿ, ಮರೆತುಬಿಟ್ಟಳೇನೋ ಎಂಬಂತೆ ಹುಬ್ಬೇರಿಸಿದರು. ಅಷ್ಟು ದಿನ ತೊಗರಿಯ ಸಾಲಿನಲ್ಲಿ ಕೂಗಿ ಗಳಿಸಿದ ದನಿ ಒಂದು ಕೆಮ್ಮಿಗೆ ಹೋಗಿಬಿಟ್ಟಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಎದ್ದು ಆ ಮುದುಕನ ರಟ್ಟೆ ಹಿಡಿದು ಹೊರಗೆ ಕೂರಿಸಿಬರಬೇಕು ಎನಿಸಿತು. ಎದ್ದೂ ಬಿಡುತ್ತಿದ್ದೆ.

‘ಯವ್ವಾ’ ಎಂದಿತು ಹಿಂದಿನ ಬೆಂಚು.

ಎಲ್ಲರೂ ತಿರುಗಿದರು. ಮುದುಕ ಯಾರನ್ನೂ ನೋಡುತ್ತಿರಲಿಲ್ಲ, ತನ್ನ ಎರಡು ಪಾದಗಳನ್ನು ನೋಡಿಕೊಳ್ಳುತ್ತಿದ್ದ.

‘ಹಿಂದ ಕೂತವ್ರಿಗಿ ಏನೂ ಕೇಳ್ಸವಲ್ದು ಯವ್ವಾ. ಜರಾ ಜೋರ್ಲೆ ಹೇಳು.’

ಅವನ ಕಿವಿಗೆ ಏನೂ ಆಗಿರಲಿಲ್ಲ. ಹೊಲದಾಚೆ ಒಂದು ಮರಿ ಕೂಗಿದರೆ ಅದು ತನ್ನ ಹಿಂಡಿನದೋ ಬೇರೆಯವರದೋ ಎಂದು ಕೂತಲ್ಲೇ ಹೇಳುವ ಮನುಷ್ಯ ಎಂದು ಊರಿಗೆಲ್ಲ ಗೊತ್ತು. ಪಾಲಕರಲ್ಲಿ ಒಬ್ಬರೂ ಆ ಮಾತು ಎತ್ತಲಿಲ್ಲ. ಅವಳು ಇನ್ನೂ ಬೋರ್ಡಿಗೇ ಮುಖ ಮಾಡಿದ್ದಳು. ಭುಜಗಳು ಒಂದು ಸಲ ಮೇಲೆದ್ದು ಇಳಿದವು. ಆಮೇಲೆ ತಿರುಗಿದಳು. ಸೆರಗನ್ನು ತಲೆಯಿಂದ ತೆಗೆಯಲಿಲ್ಲ. ಹಾಗೇ ನಿಂತು ‘ಡೋರ್’ ಎಂದಳು. ಆ ದನಿ ಕಿಟಕಿ ದಾಟಿ ಅಂಗಳಕ್ಕೆ ಹೋಯಿತು. ಮಕ್ಕಳೂ ಗಂಟಲಿಗೆ ಕೈ ಇಟ್ಟು ಅಷ್ಟೇ ಜೋರಾಗಿ ಕೂಗಿದರು. ಪಕ್ಕದ ತರಗತಿಯವರು ಬಾಗಿಲಿಗೆ ಬಂದು ನಿಂತರು. ಗಂಟೆ ಹೊಡೆಯುವವರೆಗೆ ಅವಳು ನಿಲ್ಲಲಿಲ್ಲ. ನಾನು ಎಷ್ಟೋ ತರಗತಿಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ, ಅಷ್ಟು ಹೆಮ್ಮೆಯಿಂದ ಯಾವುದನ್ನೂ ನೋಡಿಲ್ಲ.

ಪಾಠ ಮುಗಿದ ಮೇಲೆ ಹೆಡ್‌ಮಾಸ್ತರರು ಪಾಲಕರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಪೇಟೆಯ ಹುಡುಗಿಯ ಪರವಾಗಿಯೂ ಕೆಲವರು ಮಾತಾಡಿದರು, ಅದು ನ್ಯಾಯವೇ. ಹೆಚ್ಚಿನವರು ಇವಳ ಹೆಸರು ಹೇಳಿದರು, ಮಕ್ಕಳು ಬಾಯಿ ಬಿಟ್ಟರಲ್ಲ, ಅದೇ ಸಾಕು ಎಂದರು. ಸರದಿ ಮುದುಕನ ಹತ್ತಿರ ಬಂತು.

‘ನಾ ಏನೂ ಹೇಳಂಗಿಲ್ರಿ ಮಾಸ್ತರ. ಆಕಿ ನಮ್ಮ ಮನ್ಯಾಕಿ’ ಎಂದು ಕೈಮುಗಿದ.

ಅವನ ಮಾತಿಲ್ಲದೆಯೂ ಕೆಲಸ ಅವಳಿಗೇ ಆಯಿತು. ಅವಳು ಮಕ್ಕಳ ನಡುವೆ ಸಿಕ್ಕಿಬಿದ್ದಿದ್ದಳು, ಒಬ್ಬೊಬ್ಬರೂ ತಮ್ಮ ಗಂಟಲು ಮುಟ್ಟಿ ನೋಡು ಎಂದು ಕತ್ತು ಚಾಚುತ್ತಿದ್ದರು. ನಾನು ಹೊರಗೆ ಬಂದೆ. ಮುದುಕ ಪಡಸಾಲೆಯ ಮೆಟ್ಟಿಲ ಮೇಲೆ ನಿಂತು ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಒಳಗಿನಿಂದ ಅವಳ ಮಾತು, ನಗು ಇಲ್ಲಿಯವರೆಗೆ ಕೇಳುತ್ತಿತ್ತು. ಅವನು ಕೋಲು ಕೈಗೆ ತೆಗೆದುಕೊಂಡ, ಆದರೆ ಹೊರಡಲಿಲ್ಲ. ನಾನು ಅವಳಿಗೆ ಪಾಠ ಹೇಳುವವಳು ಎಂದು ಯಾರೋ ಹೇಳಿರಬೇಕು, ನನ್ನ ಕಡೆ ತಿರುಗಿದ.

‘ನಮ್ಮ ಮನಿಗಿ ಬಂದು ನಾಕ ವರ್ಷ ಆತ್ರಿ’ ಎಂದ. ‘ಆಕಿ ದನಿ ಹ್ಯಾಂಗದ ಅಂತ ನನಗ ಇವತ್ತ ಗೊತ್ತಾತು.’